ಕ್ಯೂಆರ್ ಕೋಡ್ ತೆಗೆದರೆ ತೆರಿಗೆ ತಪ್ಪುತ್ತಾ? ಸಣ್ಣ ಅಂಗಡಿಯವರ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಈ ವಾರ ಗುಂಪಿಗೆ ಬಂದ ಪ್ರಶ್ನೆಗಳನ್ನೆಲ್ಲ ಓದಿದೆ. ಜಾಸ್ತಿ ಪ್ರಶ್ನೆಗಳು ಜಿಎಸ್‌ಟಿ ನೋಟಿಸ್ ಬಗ್ಗೆಯೇ ಇವೆ. ಬೋರ್ಡು, ಲೈಸೆನ್ಸ್ ಬಗ್ಗೆಯೂ ಕೆಲವರು ಕೇಳಿದ್ದೀರಿ. ನಾನು ಸಣ್ಣ ಅಂಗಡಿಗಳ ಲೆಕ್ಕ ನೋಡುವ ತೆರಿಗೆ ಸಲಹೆಗಾರ. ನನಗೆ ಖಚಿತವಾಗಿ ಗೊತ್ತಿರುವುದನ್ನು ಒಂದೊಂದಾಗಿ ಹೇಳುತ್ತೇನೆ.

ಪ್ರಶ್ನೆ (ಬೇಕರಿ ಮಾಲೀಕರು): 2025ರ ಜುಲೈನಲ್ಲಿ ನಮ್ಮ ಬೀದಿಯಲ್ಲಿ ಮೂವರಿಗೆ ನೋಟಿಸ್ ಬಂತು. ಅವತ್ತೇ ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಅಂತ ಚೀಟಿ ಅಂಟಿಸಿದೆ. ಇನ್ನು ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ ಸರ್. ದಯವಿಟ್ಟು ಆ ಚೀಟಿ ತೆಗೆಯಿರಿ. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕ ತರಿಸಿಕೊಂಡು ನೋಟಿಸ್ ಕಳಿಸಿತು. ಅಲ್ಲಿ ಯುಪಿಐ ಬರೀ ಸುಳಿವು. ಕಾನೂನು ಕೇಳುವುದು ವರ್ಷದ ಒಟ್ಟು ವಹಿವಾಟು ಎಷ್ಟು ಅಂತ. ಗಿರಾಕಿ ನೋಟು ಕೊಟ್ಟರೂ ಫೋನಿನಲ್ಲಿ ಕಳಿಸಿದರೂ ಅದು ವಹಿವಾಟೇ. ಇದುವರೆಗೆ ಖಾತೆಗೆ ಬಂದದ್ದು ಬ್ಯಾಂಕಿನಲ್ಲಿ ದಾಖಲಾಗಿದೆ. ಈಗ ಕೋಡ್ ತೆಗೆದರೆ ಅದೇನೂ ಅಳಿಸಿಹೋಗುವುದಿಲ್ಲ. ಗಿರಾಕಿಗಳು ಮಾತ್ರ ಪಕ್ಕದ ಅಂಗಡಿಗೆ ಹೋಗುತ್ತಾರೆ.

ವರ್ಷದ ವಹಿವಾಟು ಒಂದು ಮಿತಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಬರೀ ಸರಕು ಮಾರುವವರಿಗೆ ಆ ಮಿತಿ ವರ್ಷಕ್ಕೆ 40 ಲಕ್ಷ. ಸೇವೆ ಕೊಡುವವರಿಗೆ 20 ಲಕ್ಷ. ಇದನ್ನು ದಿನದ ಲೆಕ್ಕಕ್ಕೆ ಇಳಿಸಿ ನೋಡಿ. 40 ಲಕ್ಷ ಅಂದರೆ ದಿನಕ್ಕೆ ಸುಮಾರು 11 ಸಾವಿರ. 20 ಲಕ್ಷ ಅಂದರೆ ಸುಮಾರು ಐದೂವರೆ ಸಾವಿರ. ಇದು ಗಲ್ಲಾಪೆಟ್ಟಿಗೆಗೆ ಬರುವ ದುಡ್ಡಿನ ಲೆಕ್ಕ, ಲಾಭದ್ದಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ. 'ನನಗೆ ತಿಂಗಳಿಗೆ ಉಳಿಯುವುದೇ 25 ಸಾವಿರ, ನನಗೆಂಥ ಜಿಎಸ್‌ಟಿ?' ಅಂತ ಕೇಳುತ್ತಾರೆ. ಉಳಿಯುವುದು ಎಷ್ಟೇ ಇರಲಿ, ಮಿತಿ ನೋಡುವಾಗ ಅದು ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮದು ಬೇಕರಿ ಆದ್ದರಿಂದ ಇನ್ನೊಂದು ಮಾತು. ಗಾಜಿನ ಲೋಟದಲ್ಲಿ ಟೀ ಕೊಡುತ್ತೀರಾ? ಜನ ಅಲ್ಲೇ ನಿಂತು ಎಗ್ ಪಫ್ಸ್ ತಿನ್ನುತ್ತಾರಾ? ಹಾಗಿದ್ದರೆ ಅದು ಹೋಟೆಲಿನಂತೆ ಸೇವೆಗೆ ಸೇರುತ್ತದೆ. 40 ಲಕ್ಷದ ಮಿತಿ ಇರುವುದು ಬರೀ ಸರಕು ಮಾರುವವರಿಗೆ. ಜೊತೆಗೆ ತೆರಿಗೆ ಬೀಳುವ ಸೇವೆ ಸ್ವಲ್ಪ ಇದ್ದರೂ ನಿಮ್ಮ ಮಿತಿ 20 ಲಕ್ಷ. ಸ್ಟೇಷನರಿ ಅಂಗಡಿಯ ಮೂಲೆಯಲ್ಲಿ ಜೆರಾಕ್ಸ್ ಮೆಷಿನ್ ಇಟ್ಟವರಿಗೂ ಇದೇ ಮಾತು. 'ನಮಗಿನ್ನೂ 40 ಆಗಿಲ್ಲ' ಅಂತ ನೆಮ್ಮದಿಯಾಗಿ ಕೂತವರು ಇದನ್ನು ಇವತ್ತೇ ನೋಡಿಕೊಳ್ಳಿ.

ಪ್ರಶ್ನೆ (ತರಕಾರಿ ವ್ಯಾಪಾರಿ): ನಾನು ಮಾರುವುದು ಬರೀ ತರಕಾರಿ. ನನಗೂ ನೋಟಿಸ್ ಬಂದಿದೆ. ರಾತ್ರಿ ನಿದ್ದೆ ಇಲ್ಲ. ಉತ್ತರ ಕೊಡಲೇಬೇಕಾ?

ಉತ್ತರ: ಮೊದಲು ಧೈರ್ಯ ತಂದುಕೊಳ್ಳಿ. ಬಿಡಿ ತರಕಾರಿ, ಹಣ್ಣು, ಹಾಲು, ಇವಕ್ಕೆ ಜಿಎಸ್‌ಟಿ ಇಲ್ಲ. ಬರೀ ಇಂಥ ಸರಕು ಮಾರುವವರ ವಹಿವಾಟು ಎಷ್ಟೇ ಆಗಲಿ, ನೋಂದಣಿಯೇ ಬೇಕಿಲ್ಲ. ನಿಮಗೆ ನೋಟಿಸ್ ಬಂದಿರುವುದು ಯಾಕೆಂದರೆ, ಯುಪಿಐ ಲೆಕ್ಕದಲ್ಲಿ ದುಡ್ಡು ಮಾತ್ರ ಕಾಣುತ್ತದೆ. ಆ ದುಡ್ಡು ಟೊಮೆಟೊದ್ದೋ ಟಿವಿಯದ್ದೋ ಅಂತ ಕಾಣುವುದಿಲ್ಲ.

ಆದರೆ ಉತ್ತರ ಕೊಡಲೇಬೇಕು. ನೋಟಿಸ್‌ನಲ್ಲಿ ಬರೆದಿರುವ ದಿನಾಂಕದೊಳಗೆ, ಬರವಣಿಗೆಯಲ್ಲೇ ಕೊಡಬೇಕು. ಸುಮ್ನೆ ಕೂತರೆ ಇಲಾಖೆ ತನ್ನ ಬಳಿ ಇರುವ ಅಂಕಿಯನ್ನೇ ಹಿಡಿದು ಆದೇಶ ಮಾಡಬಹುದು.

ನನ್ನ ಬಳಿ ಬಂದ ಒಬ್ಬ ತರಕಾರಿ ವ್ಯಾಪಾರಿ ಒಂದು ಅಕ್ಕಿ ಚೀಲ ಹೊತ್ತು ತಂದಿದ್ದರು. ತುಂಬಾ ಎಪಿಎಂಸಿ ಮಂಡಿ ಚೀಟಿಗಳು. ಕೆಲವು ನೆನೆದು ಅಂಟಿಕೊಂಡಿದ್ದವು, ಕೆಲವಕ್ಕೆ ಕೊತ್ತಂಬರಿ ಎಲೆ ಹತ್ತಿಕೊಂಡಿತ್ತು. ಎರಡು ಸಂಜೆ ನೆಲದ ಮೇಲೆ ಹರಡಿಕೊಂಡು ತಿಂಗಳುವಾರು ಜೋಡಿಸಿದೆವು. ತಿಂಗಳಿಗೆ ಒಂದು ಲಕೋಟೆ, ಮೇಲೆ ಪೆನ್ನಿನಲ್ಲಿ ಒಟ್ಟು ಮೊತ್ತ. ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟಾಗ ಇವರು ಕೊಂಡದ್ದೂ ಮಾರಿದ್ದೂ ತರಕಾರಿಯೇ ಅಂತ ಯಾರು ನೋಡಿದರೂ ಗೊತ್ತಾಗುವಂತಿತ್ತು. ಉತ್ತರದ ಪತ್ರ ಒಂದೇ ಪುಟ. ಕೆಲಸ ಮಾಡಿದ್ದು ಆ ಚೀಟಿಗಳು. ನಿಮ್ಮ ಬಳಿ ಇರುವ ಚೀಟಿಗಳನ್ನು ಬಿಸಾಡಬೇಡಿ.

ಒಂದು ಎಚ್ಚರಿಕೆ. ತರಕಾರಿ ಜೊತೆ ಮಸಾಲೆ ಪ್ಯಾಕೆಟ್, ಬಿಸ್ಕೆಟ್ ಇಟ್ಟಿದ್ದರೆ ಅದನ್ನು ಮುಚ್ಚಿಡಬೇಡಿ. ಆಗ ಲೆಕ್ಕ ಬೇರೆಯಾಗುತ್ತದೆ. ಮುಂದಿನ ಉತ್ತರ ನೋಡಿ.

ಪ್ರಶ್ನೆ (ಕಿರಾಣಿ ಅಂಗಡಿ): ನನ್ನ ಖಾತೆಗೆ ತಮ್ಮ ಕೊಟ್ಟ ಕೈಸಾಲ, ಚೀಟಿ ಎತ್ತಿದ ದುಡ್ಡು ಎಲ್ಲಾ ಬಂದಿದೆ. ಹಾಲಿನ ದುಡ್ಡೂ ಅದಕ್ಕೇ ಬರುತ್ತದೆ. ಎಲ್ಲವನ್ನೂ ವಹಿವಾಟು ಅಂತ ಹಿಡಿಯುತ್ತಾರಾ?

ಉತ್ತರ: ಕೈಸಾಲ, ಚೀಟಿ ದುಡ್ಡು ವಹಿವಾಟಲ್ಲ. ಆದರೆ ಅಲ್ಲ ಅಂತ ತೋರಿಸುವ ಕೆಲಸ ನಿಮ್ಮದು. ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿ, ಪೆನ್ಸಿಲ್ ಹಿಡಿದು ಕೂರಿ. ಅಂಗಡಿಗೆ ಸೇರದ ಪ್ರತಿ ಸಾಲಿನ ಪಕ್ಕ ಒಂದು ಗುರುತು ಹಾಕಿ ಯಾರದು, ಯಾಕೆ ಅಂತ ಬರೆಯಿರಿ. ನೆನಪು ಹಸಿಯಾಗಿರುವಾಗಲೇ ಬರೆದಿಡಿ. ಮೂರು ವರ್ಷ ಬಿಟ್ಟು ಯಾರಾದರೂ ಕೇಳಿದರೆ ಆ 8,000 ಯಾರು ಕಳಿಸಿದ್ದು ಅಂತ ನಿಮಗೇ ನೆನಪಾಗುವುದಿಲ್ಲ. ನಾಳೆಯಿಂದ ಅಂಗಡಿಗೆ ಒಂದು ಖಾತೆ, ಮನೆಗೆ ಇನ್ನೊಂದು ಇಟ್ಟುಕೊಳ್ಳಿ.

ಹಾಲಿನ ವಿಷಯ ಬೇರೆ. ಹಾಲಿಗೆ ತೆರಿಗೆ ಇಲ್ಲ, ಆದರೆ ನೀವು ತೆರಿಗೆ ಇರುವ ಸರಕನ್ನೂ ಮಾರುತ್ತೀರಿ. ಹಾಗಾಗಿ ಮಿತಿ ದಾಟಿದ್ದೀರಾ ಅಂತ ನೋಡುವಾಗ ಎರಡನ್ನೂ ಕೂಡಿಸುತ್ತಾರೆ. ತೆರಿಗೆ ಹಾಕುವಾಗ ಮಾತ್ರ ತೆರಿಗೆ ಇರುವ ಸರಕಿನದ್ದಷ್ಟೇ ಲೆಕ್ಕ. ಒಟ್ಟು 45 ಲಕ್ಷ ವಹಿವಾಟು, ಅದರಲ್ಲಿ ಹಾಲು, ತರಕಾರಿ 30 ಲಕ್ಷ ಅಂತ ಇಟ್ಟುಕೊಳ್ಳಿ. ನೋಂದಣಿ ಬೇಕೇ ಬೇಕು. ಆದರೆ ರಾಜಿ ತೆರಿಗೆಗೆ (ಕಾಂಪೋಸಿಷನ್, ಅಂದರೆ ಮಾರಾಟದ ಮೇಲೆ ಸಣ್ಣ ಶೇಕಡಾವಾರು ಕಟ್ಟುವ ಸರಳ ಪದ್ಧತಿ) ಹೋದರೆ ಉಳಿದ 15 ಲಕ್ಷಕ್ಕೆ ಶೇ. 1, ಅಂದರೆ ವರ್ಷಕ್ಕೆ 15,000 ರೂಪಾಯಿ.

ಪ್ರಶ್ನೆ (ಪಾತ್ರೆ ಅಂಗಡಿ): ರಾಜಿ ತೆರಿಗೆ ಅಂದಿರಿ. ಅದರಲ್ಲಿ ನಮಗೆ ಲಾಭ ಇದೆಯಾ?

ಉತ್ತರ: ಹೆಚ್ಚಿನ ಸಣ್ಣ ಅಂಗಡಿಗಳಿಗೆ ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ವಹಿವಾಟು ಒಂದೂವರೆ ಕೋಟಿಯೊಳಗೆ ಇರಬೇಕು. ವ್ಯಾಪಾರಿಗಳಿಗೂ ತಯಾರಕರಿಗೂ ಶೇ. 1, ಹೋಟೆಲಿನವರಿಗೆ ಶೇ. 5. ಮೂರು ತಿಂಗಳಿಗೊಮ್ಮೆ ದುಡ್ಡು ಕಟ್ಟುವುದು, ವರ್ಷಕ್ಕೊಂದು ರಿಟರ್ನ್.

ಇದಕ್ಕೆ ಷರತ್ತುಗಳಿವೆ. ಗಿರಾಕಿಯಿಂದ ಜಿಎಸ್‌ಟಿ ಅಂತ ಒಂದು ರೂಪಾಯಿಯನ್ನೂ ಬೇರೆಯಾಗಿ ತೆಗೆದುಕೊಳ್ಳುವಂತಿಲ್ಲ. ಆ ಶೇ. 1 ನಿಮ್ಮ ಕೈಯಿಂದಲೇ ಹೋಗಬೇಕು. ಖರೀದಿಯ ಮೇಲೆ ಕೊಟ್ಟ ತೆರಿಗೆ ವಾಪಸ್ ಸಿಗುವುದಿಲ್ಲ. ಹೊರ ರಾಜ್ಯಕ್ಕೆ ಸರಕು ಮಾರುವಂತಿಲ್ಲ. ನೀವು ಹೊಸೂರಿನ ಅಂಗಡಿಗಳಿಗೆ ಮಾಲು ಕಳಿಸುವವರಾದರೆ ಇದು ನಿಮಗಲ್ಲ. ನಿಮ್ಮಿಂದ ಕೊಳ್ಳುವವರು ಜಾಸ್ತಿ ಜಿಎಸ್‌ಟಿ ಇರುವ ವ್ಯಾಪಾರಿಗಳೇ ಆದರೂ ಯೋಚಿಸಿ. ನಿಮ್ಮ ಬಿಲ್ಲಿನ ಮೇಲೆ ಅವರಿಗೆ ತೆರಿಗೆ ವಾಪಸ್ ಸಿಗದ ಕಾರಣ ಅವರು ಬೇರೆ ಕಡೆ ಹೋಗಬಹುದು.

ನೋಂದಣಿ ಅರ್ಜಿ ಹಾಕುವಾಗಲೇ ಇದನ್ನು ಆರಿಸಿಕೊಳ್ಳಿ. ಮಾಮೂಲಿ ನೋಂದಣಿ ಮಾಡಿಸಿ ಆಮೇಲೆ ಬದಲಾಯಿಸುತ್ತೇನೆ ಅಂದರೆ ಮುಂದಿನ ಏಪ್ರಿಲ್‌ವರೆಗೆ ಕಾಯಬೇಕು. ಅರ್ಜಿ ತುಂಬಿಕೊಡುವವರು ಕೇಳದೆಯೇ ಮಾಮೂಲಿಗೆ ಟಿಕ್ ಹಾಕಿಬಿಟ್ಟಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಮೇಲೆ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿಯಂತೆ ಶುಲ್ಕ ಏರುತ್ತದೆ. ಪಕ್ಕದಲ್ಲೇ ಕೂತು ನೋಡಿ.

ಪ್ರಶ್ನೆ (ಟೀ ಅಂಗಡಿ): ಹಳೆಯ ಬಾಕಿ ಕಟ್ಟಬೇಕಾಗಿಲ್ಲ ಅಂತ ಮುಖ್ಯಮಂತ್ರಿಗಳೇ ಹೇಳಿದರಲ್ಲ?

ಉತ್ತರ: ಹೌದು. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟಾಗ ಸಿದ್ದರಾಮಯ್ಯನವರು 2025ರ ಜುಲೈ 23ರಂದು ವ್ಯಾಪಾರಿ ಪ್ರತಿನಿಧಿಗಳ ಸಭೆ ಕರೆದು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಅಂದರು. ಆದರೆ ಅದೇ ಮಾತಿನಲ್ಲಿ ಇನ್ನರ್ಧ ಇದೆ. ಮಿತಿ ದಾಟಿದವರು ನೋಂದಣಿ ಮಾಡಿಸಿಕೊಂಡು ಮುಂದಿನದ್ದನ್ನು ಕಟ್ಟಬೇಕು. ಜನ ಮೊದಲರ್ಧ ಮಾತ್ರ ನೆನಪಿಟ್ಟುಕೊಂಡಿದ್ದಾರೆ ಅನ್ನುವುದೇ ನನಗಿರುವ ಚಿಂತೆ.

ಪ್ರಶ್ನೆ (ಸಲೂನ್ ಮಾಲೀಕರು): ಬೋರ್ಡಿನಲ್ಲಿ ಶೇ. 60 ಕನ್ನಡ ಬೇಕಂತೆ. ನಮ್ಮದು ಕೆಳಗೆ ಸಣ್ಣದಾಗಿ ಕನ್ನಡ ಇದೆ. ಸಾಕಾ?

ಉತ್ತರ: ಸಾಲದು. 2024ರ ತಿದ್ದುಪಡಿಯ ಪ್ರಕಾರ ಬೋರ್ಡಿನ ಕನಿಷ್ಠ ಶೇ. 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯಡಿ ಈ ನಿಯಮ ಬರುತ್ತದೆ. ಪಾಲಿಸದಿದ್ದರೆ ದಂಡ ಇದೆ. ದುಬಾರಿ ಎಲ್‌ಇಡಿ ಬೋರ್ಡೇ ಬೇಕು ಅಂತ ಯಾರೂ ಹೇಳಿಲ್ಲ, ಬಣ್ಣದಲ್ಲಿ ಬರೆಸಿದರೂ ಆಯಿತು. ಪ್ರಿಂಟಿಗೆ ಕೊಡುವ ಮುಂಚೆ ಕಾಗುಣಿತ ನೋಡಿಕೊಳ್ಳಿ. 'ಕೇಶಾಲಂಕಾರ' ಹೋಗಿ 'ಕೇಸಾಲಂಕಾರ' ಆದ ಬೋರ್ಡ್ ನೋಡಿ ನನಗೆ ಸಂಕಟವಾಗಿದೆ. ನಮ್ಮ ಭಾಷೆ ನಮ್ಮ ಬಾಗಿಲ ಮೇಲೆ ಸರಿಯಾಗಿ ಇರಲಿ.

ಪ್ರಶ್ನೆ (ಬೆಂಗಳೂರು, ಟೈಲರಿಂಗ್ ಅಂಗಡಿ): ಬಿಬಿಎಂಪಿ ಹೋಗಿ ಐದು ಪಾಲಿಕೆ ಆಯಿತು. ಹಳೆಯ ಟ್ರೇಡ್ ಲೈಸೆನ್ಸ್ ರದ್ದಾಯಿತಾ? ಇಬ್ಬರು ಕೆಲಸಗಾರರಿದ್ದಾರೆ, ಬೇರೇನಾದರೂ ಬೇಕಾ?

ಉತ್ತರ: ಪಾಲಿಕೆಯ ಹೆಸರು ಬದಲಾಯಿತು ಅನ್ನುವ ಕಾರಣಕ್ಕೆ ಲೈಸೆನ್ಸ್ ರದ್ದಾಗುವುದಿಲ್ಲ. ಅದರ ಮೇಲೆ ಬರೆದಿರುವ ಅವಧಿ ನೋಡಿ. ನವೀಕರಿಸುವಾಗ ನಿಮ್ಮ ವಾರ್ಡ್ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಇವುಗಳಲ್ಲಿ ಯಾವ ಪಾಲಿಕೆಗೆ ಸೇರಿದೆ ಅಂತ ಕೇಳಿಕೊಳ್ಳಿ.

ಕೆಲಸಗಾರರಿರುವುದರಿಂದ ಕಾರ್ಮಿಕ ಇಲಾಖೆಯ ನೋಂದಣಿಯೂ ಬೇಕು. ಅದು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಬರುವುದು. ಟ್ರೇಡ್ ಲೈಸೆನ್ಸ್ ಇದ್ದರೆ ಇದೂ ಆದಂತೆ ಅಂತ ತಿಳಿಯಬೇಡಿ, ಎರಡೂ ಬೇರೆ ಬೇರೆ. ಪ್ರಮಾಣಪತ್ರ 5 ವರ್ಷಕ್ಕೆ ಕೊಡುತ್ತಾರೆ. ವಾರಕ್ಕೊಂದು ರಜೆ ಕೊಡಲೇಬೇಕು. ಹಬ್ಬದ ಸೀಸನ್ನಿನಲ್ಲಿ ಇದು ಕಷ್ಟ ಅಂತ ಗೊತ್ತು. ಆದರೂ ಹೊಲಿಗೆ ಮೆಷಿನ್ ತುಳಿಯುವ ಕಾಲಿಗೆ ಒಂದು ದಿನ ಬಿಡುವು ಬೇಕಲ್ವಾ.

ವೃತ್ತಿ ತೆರಿಗೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಿಂಗಳ ಸಂಬಳ 25,000 ಮುಟ್ಟದ ಕೆಲಸಗಾರರಿಂದ ಏನೂ ಹಿಡಿಯುವಂತಿಲ್ಲ. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300.

ಪ್ರಶ್ನೆ (ಮೊಬೈಲ್ ರಿಪೇರಿ): ಇಲಾಖೆಯವರು ಅಂತ ಫೋನ್ ಬಂತು. 15 ಸಾವಿರ ಕಳಿಸಿದರೆ ನೋಟಿಸ್ ಕ್ಲೋಸ್ ಮಾಡುತ್ತಾರಂತೆ.

ಉತ್ತರ: ಒಂದು ಪೈಸೆಯನ್ನೂ ಕಳಿಸಬೇಡಿ. ಫೋನಿನಲ್ಲಿ ದುಡ್ಡು ಹಾಕಿಸಿಕೊಂಡು ನೋಟಿಸ್ ಮುಗಿಸುವ ಪದ್ಧತಿಯೇ ಇಲ್ಲ. ನೋಟಿಸ್ ಇದೆ ಅಂದರೆ ಅದರ ರೆಫರೆನ್ಸ್ ನಂಬರ್ ಕೇಳಿ, ನಿಮ್ಮ ವ್ಯಾಪ್ತಿಯ ವಾಣಿಜ್ಯ ತೆರಿಗೆ ಕಚೇರಿಗೆ ನೀವೇ ಹೋಗಿ ವಿಚಾರಿಸಿ. ಒಟಿಪಿ ಹೇಳಬೇಡಿ. ಜಿಎಸ್‌ಟಿ ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಗೂ ಇಲ್ಲ. ಅರ್ಜಿ ತುಂಬಿಕೊಡುವವರ ಕೂಲಿ ಬೇರೆ, ಅದನ್ನು ಮೊದಲೇ ಮಾತಾಡಿಕೊಳ್ಳಿ.

ಬೇಕರಿ ಮಾಲೀಕರು: ಸರ್, ಚೀಟಿ ತೆಗೆದೆ. ನಿನ್ನೆ ನೋಟ್‌ಬುಕ್ಕಿನಲ್ಲಿ ಬರೆದೆ. ಬೇಕರಿ ಸಾಮಾನು 6,340, ಟೀ 1,910. ಕ್ಯಾಶ್, ಯುಪಿಐ ಎರಡೂ ಸೇರಿ. ಇದು 20 ದಾಟುತ್ತದೆ ಅಲ್ವಾ?

ಉತ್ತರ: ದಾಟುತ್ತದೆ. ಒಟ್ಟು 8,250 ಆಯಿತು, ವರ್ಷಕ್ಕೆ ಸುಮಾರು 30 ಲಕ್ಷ. ಒಂದು ದಿನದ್ದು ಸಾಲದು, ಇನ್ನು 30 ದಿನ ಹೀಗೇ ಬರೆಯಿರಿ. ಬೆಳಗಿನ ಟೀಯನ್ನು ಬೇರೆ ಸಾಲಿನಲ್ಲೇ ಇಡಿ. ಆದರೆ ಅರ್ಜಿಗೆ 30 ದಿನ ಕಾಯುವುದು ಬೇಡ. ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕೆಂಬ ನಿಯಮ ಇದೆ. ಆಧಾರ್, ಪ್ಯಾನ್, ಅಂಗಡಿ ಬಾಡಿಗೆ ಕರಾರು, ಕರೆಂಟ್ ಬಿಲ್ ತೆಗೆದುಕೊಂಡು ಸೋಮವಾರ ಬನ್ನಿ. ಶೇ. 1ರಲ್ಲಿ ಬರುತ್ತೀರಾ, ಶೇ. 5ರಲ್ಲಿ ಬರುತ್ತೀರಾ ಅನ್ನುವುದನ್ನು ನಿಮ್ಮ ಟೀ ಲೆಕ್ಕ ಎದುರಿಗಿಟ್ಟುಕೊಂಡೇ ನೋಡೋಣ.