ಗ್ಯಾಸ್‌ಗೆ ಹಾಕಿದ ಬಿಎನ್‌ಬಿ ಕ್ಷಣದಲ್ಲೇ ಖಾಲಿ, ಏರ್‌ಡ್ರಾಪ್ ದುಡ್ಡು ತೆಗೆಯೋಕೆ ಆಗ್ತಿಲ್ಲ, ದಯವಿಟ್ಟು ನೋಡಿ

ಬಾಳ್ಳುಪೇಟೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಬಿಸಿಎ ಕೊನೇ ವರ್ಷ ಓದ್ತಿದ್ದೀನಿ, ಊರು ಬಾಳ್ಳುಪೇಟೆ ಹತ್ರ. ನಾಲ್ಕು ತಿಂಗಳಿಂದ ರಾತ್ರಿ ಹೊತ್ತು ಏರ್‌ಡ್ರಾಪ್ (ಕ್ರಿಪ್ಟೋ ಯೋಜನೆಗಳು ಪುಕ್ಕಟೆ ಹಂಚೋ ಟೋಕನ್) ಟಾಸ್ಕ್ ಮಾಡ್ತಾ ಬಂದಿದ್ದೀನಿ. ಪಾಠ ಓದಿ ಕ್ವಿಜ್‌ಗೆ ಉತ್ತರ ಕೊಡೋದು, ಚಾನೆಲ್ ಸೇರೋದು, ಟೆಸ್ಟ್‌ನೆಟ್‌ನಲ್ಲಿ (ನಿಜ ದುಡ್ಡಿಲ್ಲದ ಪರೀಕ್ಷಾ ನೆಟ್‌ವರ್ಕ್) ದಿನಾ ಏನಾದ್ರೂ ಒಂದು ಕಳಿಸೋದು, ಇಂಥವು. ಅದರಲ್ಲಿ 12 ಯುಎಸ್‌ಡಿಟಿ (ಒಂದೊಂದೂ ಸುಮಾರು ಒಂದು ಡಾಲರ್ ಬೆಲೆಯ ಕ್ರಿಪ್ಟೋ) ನನ್ನ ವಾಲೆಟ್‌ಗೆ ಬಂದಿದೆ, ಬಿಎನ್‌ಬಿ ಚೈನ್ ಅನ್ನೋ ನೆಟ್‌ವರ್ಕ್‌ನಲ್ಲಿದೆ.

ಕಳಿಸೋಕೆ ಹೋದ್ರೆ ಗ್ಯಾಸ್ (ಬಿಎನ್‌ಬಿ ಕಾಯಿನ್‌ನಲ್ಲಿ ಕಟ್ಟೋ ನೆಟ್‌ವರ್ಕ್ ಶುಲ್ಕ) ಸಾಲದು ಅಂತ ಬಂತು. ಭಾವನ ಹತ್ರ 0.004 ಬಿಎನ್‌ಬಿ ಹಾಕಿಸಿಕೊಂಡೆ. ಬಂದಿದ್ದು ಕಣ್ಣಿಗೆ ಕಾಣಿಸ್ತು, ನಾನು ಕಳಿಸು ಒತ್ತೋದರೊಳಗೆ ಬ್ಯಾಲೆನ್ಸ್ ಸೊನ್ನೆ. ಊರಲ್ಲಿ ಮಳೆ ಹಿಡಿದ್ರೆ ಟವರ್ ಸರಿ ಇರಲ್ಲ, ಅದಕ್ಕೇ ಏನೋ ತೊಡಕಾಯ್ತು ಅಂದ್ಕೊಂಡು ಹಾಸನಕ್ಕೆ ಬಂದ ಮೇಲೆ ಇನ್ನೊಂದ್ಸಲ ಹಾಕಿಸಿದೆ. ಆಗಲೂ ಹಾಗೇ ಆಯ್ತು. ಪಾಸ್‌ವರ್ಡ್ ಬದಲಾಯಿಸಿದೆ, ಆ್ಯಪ್ ತೆಗೆದು ಮತ್ತೆ ಹಾಕಿದೆ, ಏನೂ ಪ್ರಯೋಜನ ಇಲ್ಲ.

ಇನ್ನೊಂದು ವಿಷಯ. ನಾನು ಕೇಳದೇ ಇರೋ ಒಂದು ಟೋಕನ್ ಬಂದು ಕೂತಿದೆ, ಬೆಲೆ ₹1,86,000 ಅಂತ ತೋರಿಸ್ತಿದೆ. ಅದೂ ಸ್ವ್ಯಾಪ್ (ಬೇರೆ ಟೋಕನ್‌ಗೆ ಬದಲಿ) ಆಗ್ತಿಲ್ಲ. ಏನು ತಪ್ಪು ಮಾಡ್ತಿದ್ದೀನಿ?

ಕಲ್ಪತರು_ಅರಸೀಕೆರೆ

ಗ್ಯಾಸ್ ಕಡಿಮೆ ಆಗಿರಬೇಕು ಕಣಮ್ಮ. ನನಗೂ ಒಂದ್ಸಲ ಹಾಗಾಗಿತ್ತು. 0.02 ಹಾಕಿಸಿ ನೋಡು, ಹೋಗುತ್ತೆ.

ಮೂಡಿಗೆರೆ_ಮೊಬೈಲ್

ದಯವಿಟ್ಟು ಇನ್ನೊಂದು ಪೈಸೆನೂ ಹಾಕಿಸಬೇಡಿ. ಕಲ್ಪತರು ಅಣ್ಣಾ, ಗ್ಯಾಸ್ ಕಡಿಮೆ ಬಿದ್ದಿದ್ರೆ ಬಿಎನ್‌ಬಿ ವಾಲೆಟ್‌ನಲ್ಲೇ ಉಳೀತಿತ್ತು. ಇಲ್ಲಿ ಹೊರಗೆ ಹೋಗಿದೆ. ಬಿಎಸ್‌ಸಿ (ಅಂದ್ರೆ ಬಿಎನ್‌ಬಿ ಚೈನ್) ಟೋಕನ್ ಒಂದನ್ನ ಕಳಿಸೋ ಖರ್ಚು ಕೆಲವೇ ರೂಪಾಯಿ ಒಳಗೆ ಮುಗಿಯುತ್ತೆ, 0.004 ಧಾರಾಳ ಆಯ್ತು.

ತಂಗಿ, ಎರಡು ಕೆಲಸ ಮಾಡಿ. ಬಿಎಸ್‌ಸಿ ಸ್ಕ್ಯಾನ್‌ನಲ್ಲಿ (ಆ ಚೈನ್‌ನ ವ್ಯವಹಾರ ತೋರಿಸೋ ಸೈಟ್) ನಿಮ್ಮ ವಿಳಾಸ ಹಾಕಿ, ಆ ಬಿಎನ್‌ಬಿ ಎಲ್ಲಿಗೆ ಹೋಯ್ತು, ಬಂದ ಎಷ್ಟು ಸೆಕೆಂಡಿಗೆ ಹೋಯ್ತು ಅಂತ ನೋಡಿ ಹೇಳಿ. ಆಮೇಲೆ ನೆನಪು ಮಾಡ್ಕೊಂಡು ಹೇಳಿ, ವಾಲೆಟ್ ಮಾಡಿದಾಗ ಸಿಕ್ಕ 12 ಗುಪ್ತ ಪದಗಳನ್ನ ಎಲ್ಲಾದ್ರೂ ಟೈಪ್ ಮಾಡಿದ್ರಾ? ಸೈಟು, ಫಾರಂ, ಚಾಟು, ಎಲ್ಲೇ ಆಗಲಿ. ಆ ಪದಗಳನ್ನ ಇಲ್ಲಿ ಮಾತ್ರ ಬರೀಬೇಡಿ.

ಬಾಳ್ಳುಪೇಟೆ_ಹುಡುಗಿ

ನೋಡಿದೆ ಸಾರ್. ಎರಡು ಸಲವೂ ಒಂದೇ ವಿಳಾಸಕ್ಕೆ ಹೋಗಿದೆ, ನನಗೆ ಗೊತ್ತಿಲ್ಲದ ವಿಳಾಸ. ಬಂದ ಮೂರು ನಾಲ್ಕು ಸೆಕೆಂಡಿಗೆ ಹೋಗಿದೆ. ನಾನು ಕಳಿಸಿಲ್ಲ.

12 ಪದ... ಹೂಂ ಸಾರ್. ಕಳೆದ ವಾರ ಏರ್‌ಡ್ರಾಪ್ ಗ್ರೂಪಲ್ಲಿ ಒಂದು ಡೌಟ್ ಕೇಳಿದ್ದೆ. ತಕ್ಷಣ ಒಬ್ರು ಸಪೋರ್ಟ್‌ನವರು ಅಂತ ಪರ್ಸನಲ್ ಮೆಸೇಜ್ ಮಾಡಿದ್ರು. ವಾಲೆಟ್ ಸಿಂಕ್ ಆಗಿಲ್ಲ, ಈ ಫಾರಂ ತುಂಬಿ ಅಂದ್ರು. ತುಂಬಿದೆ.

ಮೂಡಿಗೆರೆ_ಮೊಬೈಲ್

ಸರಿ. ಈ ವಾಲೆಟ್ ಇನ್ಮೇಲೆ ನಿಮ್ಮದಲ್ಲ ಅಂತಲೇ ತಿಳ್ಕೊಳ್ಳಿ. ಉಳಿದಿದ್ದು ಓದೋ ಮೊದಲು ಇದಕ್ಕೆ ಉತ್ತರ ಕೊಡಿ: ಅದೇ ಆ್ಯಪ್‌ನಲ್ಲಿ ಎರಡನೇ ಅಕೌಂಟ್ ಇದೆಯಾ? ಬೇರೆ ನೆಟ್‌ವರ್ಕ್‌ನಲ್ಲಿ ಏನಾದ್ರೂ ಇಟ್ಟಿದ್ದೀರಾ?

ಬಾಳ್ಳುಪೇಟೆ_ಹುಡುಗಿ

ಅಕೌಂಟ್ 2 ಇದೆ. ಪಾಲಿಗಾನ್‌ನಲ್ಲಿ 55 ಯುಎಸ್‌ಡಿಟಿ, ಸ್ವಲ್ಪ ಪಿಒಎಲ್ (ಅಲ್ಲಿ ಗ್ಯಾಸ್‌ಗೆ ಬೇಕಾಗೋ ಕಾಯಿನ್) ಕೂಡ. ಒಬ್ರಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದರ ದುಡ್ಡು. ಪರೀಕ್ಷೆ ಫೀಸಿಗೆ ಅಂತ ಬೇರೆ ಇಟ್ಟಿದ್ದೆ. ಈಗ ನೋಡಿದೆ, ಇನ್ನೂ ಇದೆ.

ಮೂಡಿಗೆರೆ_ಮೊಬೈಲ್

ಅದನ್ನ ಈಗಲೇ ಹೊರಗೆ ತೆಗೀರಿ. ಆ 12 ಪದ ಅಂದ್ರೆ 2048 ಪದಗಳ ಪಟ್ಟಿಯಿಂದ ಆರಿಸಿದ್ದು, ಅದರಿಂದಲೇ ಅಕೌಂಟ್ 1, 2, 3 ಎಲ್ಲದರ ಕೀ ಹುಟ್ಟುತ್ತೆ, ಎಲ್ಲಾ ಚೈನ್‌ಗೂ. ಕಳ್ಳನ ಕೈಯಲ್ಲಿ ಅಕೌಂಟ್ 2 ಕೂಡ ಇದೆ, ಅವನಿನ್ನೂ ನೋಡಿಲ್ಲ ಅಷ್ಟೆ.

ಕೆವೈಸಿ ಆಗಿರೋ ಎಕ್ಸ್‌ಚೇಂಜ್ (ಕ್ರಿಪ್ಟೋ ಕೊಳ್ಳೋ ಮಾರೋ ಕಂಪನಿ) ಖಾತೆ ಇದ್ರೆ ಅದರ ಯುಎಸ್‌ಡಿಟಿ ಡಿಪಾಸಿಟ್ ವಿಳಾಸ ತಗೊಳ್ಳಿ. ನೆಟ್‌ವರ್ಕ್ ಪಾಲಿಗಾನ್ ಅಂತಲೇ ಆರಿಸಿ, ಗಡಿಬಿಡೀಲಿ ಬೇರೆ ಆರಿಸಿದ್ರೆ ಅದೊಂದು ಹೊಸ ತಲೆನೋವು. ಅಕೌಂಟ್ 1 ಮುಟ್ಟಬೇಡಿ. ಹೊರಗಿನಿಂದ ಪಿಒಎಲ್ ತರಿಸಬೇಡಿ, ಇರೋದೇ ಸಾಕು. ಮುಗಿದ ಮೇಲೆ ಹೇಳಿ.

ಬಾಳ್ಳುಪೇಟೆ_ಹುಡುಗಿ

ಹೋಯ್ತು ಸಾರ್!! 55 ಪೂರ್ತಿ ಎಕ್ಸ್‌ಚೇಂಜ್‌ಗೆ ಬಂದಿದೆ. ಕೈ ಇನ್ನೂ ನಡುಗ್ತಿದೆ.

ಮೂಡಿಗೆರೆ_ಮೊಬೈಲ್

ಒಳ್ಳೇದಾಯ್ತು. ಈಗ ನಿಧಾನಕ್ಕೆ ಹೇಳ್ತೀನಿ.

ನಿಮ್ಮ ಅಕೌಂಟ್ 1ರ ಮೇಲೆ ಒಂದು ಬಾಟ್ ಕೂತಿದೆ, ಸ್ವೀಪರ್ ಬಾಟ್ ಅಂತಾರೆ. ಬಿಎನ್‌ಬಿ ಬಂದ ಕೂಡಲೇ ಅದು ಬಾಚಿಕೊಳ್ಳುತ್ತೆ. ಅದು ಪ್ರೋಗ್ರಾಂ, ಮನುಷ್ಯನ ಬೆರಳು ಅದರ ವೇಗಕ್ಕೆ ಏಳಲ್ಲ. 12 ಯುಎಸ್‌ಡಿಟಿಯನ್ನ ಅಲ್ಲೇ ಬಿಟ್ಟಿರೋದು ಗಾಳಕ್ಕೆ ಎರೆಹುಳ ಸಿಕ್ಕಿಸಿದ ಹಾಗೆ. ಅದನ್ನ ತೆಗೆಯೋ ಆಸೆಗೆ ನೀವು ಗ್ಯಾಸ್ ಹಾಕ್ತಾನೇ ಇರ್ತೀರ, ಅವನು ತಿಂತಾನೇ ಇರ್ತಾನೆ. ಗ್ಯಾಸ್ ಹಾಕೋದು, ಕಳಿಸೋದು ಎರಡನ್ನೂ ಒಂದೇ ಬ್ಲಾಕಿಗೆ (ಚೈನ್‌ನಲ್ಲಿ ಒಟ್ಟಿಗೆ ದಾಖಲಾಗೋ ಕಂತೆ) ಸೇರಿಸಿ ತೆಗೆಯೋ ದಾರಿ ಇದೆ, ಆದ್ರೆ ಕೋಡ್ ಬರೆಯೋರು ಬೇಕು. 12 ಡಾಲರ್‌ಗೆ ಅದು ಬೇಡ. ತೆಗೆದುಕೊಡ್ತೀವಿ ಅಂತ ಯಾರಾದ್ರೂ ಮೆಸೇಜ್ ಮಾಡ್ತಾರೆ, ನೋಡ್ತಿರಿ. ಅವರೂ ಅದೇ ಗುಂಪಿನವರು, ಬ್ಲಾಕ್ ಮಾಡಿ.

ಪಾಸ್‌ವರ್ಡ್ ಬದಲಾಯಿಸಿದ್ದಕ್ಕೆ ಫಲ ಸಿಗದಿದ್ದು ಯಾಕೆ ಅಂದ್ರೆ, ಅದು ನಿಮ್ಮ ಫೋನಿನ ಬಾಗಿಲಿಗೆ ಹಾಕೋ ಬೀಗ. 12 ಪದ ಗೊತ್ತಿರೋನು ತನ್ನ ಫೋನಲ್ಲೇ ವಾಲೆಟ್ ತೆರೀತಾನೆ.

ಆ ₹1,86,000 ಟೋಕನ್ ಸುಳ್ಳು. ಯಾರು ಬೇಕಾದ್ರೂ ಟೋಕನ್ ಮಾಡಿ, ಸಣ್ಣದೊಂದು ಪೂಲ್‌ನಲ್ಲಿ (ಟೋಕನ್ ಅದಲುಬದಲಿಗೆ ಇಟ್ಟ ನಿಧಿ) ತಾವೇ ಬೆಲೆ ಕಟ್ಟಿ, ಸಾವಿರಾರು ವಿಳಾಸಕ್ಕೆ ಎರಚಬಹುದು. ವಾಲೆಟ್ ಆ ಬೆಲೆಯನ್ನ ಸಂಖ್ಯೆಗೆ ಗುಣಿಸಿ ತೋರಿಸುತ್ತೆ. ಮಾರೋಕೆ ಆಗದ ಹಾಗೆ ಕಾಂಟ್ರಾಕ್ಟ್ (ಟೋಕನ್ ನಡೆಸೋ ಕೋಡ್) ಬರೆದಿರ್ತಾರೆ. ಅದರ ಹೆಸರಲ್ಲೇ ಒಂದು ಸೈಟ್ ವಿಳಾಸ ಇದೆಯಾ ನೋಡಿ. ಇದ್ರೆ ಅಲ್ಲಿಗೆ ಹೋಗಬೇಡಿ, ವಾಲೆಟ್ ಕನೆಕ್ಟ್ ಮಾಡಿ, ಅಪ್ರೂವ್ ಒತ್ತಿಸಿ, ನಿಮ್ಮ ಟೋಕನ್ ತೆಗೆಯೋ ಅನುಮತಿ ಪಡೆಯೋಕೇ ಅದು.

ಕಲ್ಪತರು_ಅರಸೀಕೆರೆ

ನಾನು ಹೇಳಿದ್ದು ತಪ್ಪಾಯ್ತು, ಕ್ಷಮಿಸಮ್ಮ. ಒಂದು ಮಾತು ಕೇಳಬೇಕು. ಹಾಗಾದ್ರೆ ಈ ಏರ್‌ಡ್ರಾಪ್ ಅನ್ನೋದೇ ಮೋಸಾನಾ? ನನ್ನ ಅಣ್ಣನ ಮಗನೂ ಹಗಲೂ ರಾತ್ರಿ ಇದೇ ಮಾಡ್ತಾನೆ.

ಮೂಡಿಗೆರೆ_ಮೊಬೈಲ್

ಅಲ್ಲ ಅಣ್ಣ. 2010ರಲ್ಲಿ ಗ್ಯಾವಿನ್ ಆಂಡ್ರೆಸನ್ ಅನ್ನೋ ಬಿಟ್‌ಕಾಯಿನ್ ಡೆವಲಪರ್ ಸುಮ್ನೆ ಬಂದು ಕೇಳಿದೋರಿಗೆ ತಲಾ 5 ಬಿಟ್‌ಕಾಯಿನ್ ಕೊಡೋ ಸೈಟ್ ಇಟ್ಟಿದ್ರು. 2020ರ ಸೆಪ್ಟೆಂಬರ್‌ನಲ್ಲಿ ಯೂನಿಸ್ವ್ಯಾಪ್ (ಟೋಕನ್ ಅದಲುಬದಲು ಮಾಡೋ ಸೇವೆ) ತನ್ನನ್ನ ಮೊದಲು ಬಳಸಿದ್ದ ಪ್ರತಿ ವಿಳಾಸಕ್ಕೆ ತನ್ನ 400 ಯೂನಿ ಟೋಕನ್ ಕೊಡ್ತು. ಅದನ್ನ ತಗೊಳ್ಳೋಕೂ ಗ್ಯಾಸ್ ಕಟ್ಟಬೇಕಿತ್ತು, ಮಕ್ಕಳು ಎಡವೋದು ಇಲ್ಲೇ. ನಿಜವಾದ ಗ್ಯಾಸ್ ನಿಮ್ಮ ವಾಲೆಟ್‌ನಿಂದ ಆ ವ್ಯವಹಾರದ ಜೊತೆಗೇ ನೆಟ್‌ವರ್ಕ್‌ಗೆ ಕಡಿತ ಆಗುತ್ತೆ. ‘ಮೊದಲು ಈ ವಿಳಾಸಕ್ಕೆ ಇಷ್ಟು ಕಳಿಸಿ, ಆಮೇಲೆ ಬಿಡುಗಡೆ ಮಾಡ್ತೀವಿ’ ಅಂದ್ರೆ ಅದು ಗ್ಯಾಸ್ ಅಲ್ಲ, ಸುಲಿಗೆ. 12 ಪದವನ್ನಂತೂ ಯಾವ ನಿಜವಾದ ಏರ್‌ಡ್ರಾಪೂ ಕೇಳಿಲ್ಲ. ನಿಮ್ಮ ಅಣ್ಣನ ಮಗನಿಗೆ ಇವತ್ತೇ ಫೋನ್ ಮಾಡಿ ಕೇಳಿ.

ತಂಗಿ, ಹೊಸ ವಾಲೆಟ್ ಮಾಡುವಾಗ ‘ಅಕೌಂಟ್ ಸೇರಿಸಿ’ ಒತ್ತಬೇಡಿ, ಅದು ಹಳೇ 12 ಪದದ ಮೇಲೇ ಬರುತ್ತೆ. ಆ್ಯಪ್ ತೆಗೆದು ಮತ್ತೆ ಹಾಕಿ, ‘ಹೊಸ ವಾಲೆಟ್ ರಚಿಸಿ’ ಅಂತಲೇ ಆರಿಸಿ. ಪದ ಬೇರೆ ಬಂತಾ ಅಂತ ಹಳೇದರ ಜೊತೆ ಹೋಲಿಸಿ. ಕಾಗದದ ಮೇಲೆ ಬರೀರಿ, ಸ್ಕ್ರೀನ್‌ಶಾಟ್ ಬೇಡ. ನಡೀತಿರೋ ಟಾಸ್ಕ್‌ಗಳಿಗೆ ಹಳೇ ವಿಳಾಸ ಕೊಟ್ಟಿದ್ರೆ ಸ್ನ್ಯಾಪ್‌ಶಾಟ್‌ಗೆ (ಯಾರಿಗೆ ಕೊಡಬೇಕು ಅಂತ ವಿಳಾಸಗಳ ಪಟ್ಟಿ ತೆಗೆಯೋ ಕ್ಷಣ) ಮುಂಚೆ ಬದಲಾಯಿಸಿ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲೂ ದೂರು ಹಾಕಿ. ಮೊತ್ತ ಚಿಕ್ಕದು ಅಂತ ಬಿಡಬೇಡಿ, ಕಳ್ಳನ ವಿಳಾಸ ದಾಖಲಾಗ್ಲಿ. ಆ 55 ಮಾರಿದಾಗ ಶೇ 1 ಟಿಡಿಎಸ್ ಹಿಡೀಬಹುದು, ಲಾಭದ ಮೇಲೆ ಶೇ 30 ತೆರಿಗೆ, ಸೆಸ್ ಬೇರೆ. ಎಕ್ಸ್‌ಚೇಂಜ್‌ನ ಲೆಕ್ಕ ಡೌನ್‌ಲೋಡ್ ಮಾಡಿಟ್ಕೊಳ್ಳಿ.

ಬಾಳ್ಳುಪೇಟೆ_ಹುಡುಗಿ (ಎರಡು ದಿನದ ನಂತರ)

ಹೊಸ ವಾಲೆಟ್ ಆಯ್ತು, ಪದಗಳು ಬೇರೆಯೇ ಬಂದಿವೆ. ಬರೆದಿಟ್ಟ ಚೀಟಿ ಅಮ್ಮನ ಟ್ರಂಕಿನಲ್ಲಿದೆ. ಮೂರು ಟಾಸ್ಕ್‌ನಲ್ಲಿ ಎರಡರಲ್ಲಿ ವಿಳಾಸ ಬದಲಾಯಿಸೋಕೆ ಬಿಡ್ತು. ಮೂರನೇದರಲ್ಲಿ ಸ್ನ್ಯಾಪ್‌ಶಾಟ್ ಆಗಿಹೋಗಿದೆಯಂತೆ. 90 ದಿನ ಬಿಡದೆ ಮಾಡಿದ್ದೆ, ಅದು ಹೋದ ಹಾಗೇ. ದೂರು ಹಾಕಿದ್ದೀನಿ, ನಂಬರ್ ಬಂದಿದೆ. ಭಾವನಿಗೆ ನಡೆದಿದ್ದೆಲ್ಲ ಹೇಳಿ ಆ ಬಿಎನ್‌ಬಿ ದುಡ್ಡು ಹಿಂದೆ ಕೊಟ್ಟೆ.

ನಿನ್ನೆ ರಾತ್ರಿ ಆ ಗ್ರೂಪಲ್ಲಿ ಇನ್ನೊಬ್ಳು ಹುಡುಗಿ ನಾನು ಕೇಳಿದ್ದೇ ಡೌಟ್ ಕೇಳಿದ್ಳು. ನೋಡಿದ ಕೂಡಲೇ ನಾನೇ ಅವಳಿಗೆ ಮೆಸೇಜ್ ಮಾಡಿ ಈ ಚರ್ಚೆಯ ಲಿಂಕ್ ಕಳಿಸಿದೆ. ಆ ಸಪೋರ್ಟ್‌ನವನ ಫಾರಂ ಆಗಲೇ ಬಂದಿತ್ತಂತೆ, ಇನ್ನೂ ತುಂಬಿರಲಿಲ್ಲ.