6202 ಟರ್ಬೊಮೋಟಿವ್: ಸಿಮ್ಯುಲೇಟರ್‌ನಲ್ಲಿ ಛುಕ್ ಛುಕ್ ಸದ್ದು ಹೋಗುತ್ತಿಲ್ಲ

ಹಳಿಹುಚ್ಚ:
ಎಲ್ಲರಿಗೂ ನಮಸ್ಕಾರ. ರೈಲು ಸಿಮ್ಯುಲೇಟರ್ ಆಟಕ್ಕೆ ಬ್ರಿಟನ್ನಿನ ರೈಲ್ವೆ ಕಂಪನಿ ಎಲ್‌ಎಂಎಸ್‌ನ 6202 ಇಂಜಿನ್ ಮಾಡುತ್ತಿದ್ದೇನೆ, ಪಿಸ್ಟನ್ ಬದಲು ಹಬೆ ಟರ್ಬೈನಿನಿಂದ ಓಡುವಂಥದ್ದು. 1936ರ ಯೂಸ್ಟನ್–ಲಿವರ್‌ಪೂಲ್ ಓಟ. ಅದೇ ಕಂಪನಿಯ ಪಿಸ್ಟನ್ ಇಂಜಿನ್ ಪ್ರಿನ್ಸೆಸ್ ರಾಯಲ್‌ನ ಫೈಲನ್ನು ಕಾಪಿ ಮಾಡಿ ಸಿಲಿಂಡರ್, ಪಿಸ್ಟನ್ ಎಲ್ಲ ಕಿತ್ತಿದ್ದೇನೆ. ಆದರೂ ಛುಕ್ ಛುಕ್ ಅನ್ನುತ್ತದೆ. ಹಬೆ ಬಿಡುವ ರೆಗ್ಯುಲೇಟರ್ ಸ್ವಲ್ಪ ತೆರೆದರೆ ಒತ್ತಡ ಸಾಲದೆ ಅಲುಗಾಡುವುದೇ ಇಲ್ಲ. ರಿವರ್ಸ್ ಹಾಕಿದರೆ ಮಾತ್ರ ಇಡೀ ರೈಲನ್ನು ಜೋರಾಗಿ ತಳ್ಳಿಕೊಂಡು ಹೋಗುತ್ತದೆ! ಎಲ್ಲಿ ನೋಡಲಿ?

ಬಾಯ್ಲರ್ ಭಟ್ರು:
ಕಣ್ಣಿಗೆ ಕಾಣುವ ಸಿಲಿಂಡರ್ ಹೋಗಿದೆ, ಫೈಲಿನ ಒಳಗಿನ ಲೆಕ್ಕ ಹಾಗೇ ಇದೆ ಅಲ್ವಾ? ಮೊದಲು ರೆಗ್ಯುಲೇಟರ್ ನೋಡಿ. ಸ್ಟೇನಿಯರ್ ವಿನ್ಯಾಸ ಮಾಡಿದ ಈ ಇಂಜಿನ್ನಿನಲ್ಲಿ ಹಬೆಯನ್ನು ಹಿಂಡಿ ಹಿಂಡಿ ಬಿಡುವುದಿಲ್ಲ. ಮುಂದಕ್ಕೆ ಓಡಲು ಟರ್ಬೈನಿಗೆ ಹಬೆ ಚಿಮ್ಮಿಸುವ ಆರು ನಾಜಲ್. ಡ್ರೈವರ್ ಒಂದೊಂದಾಗಿ ತೆರೆಯುತ್ತಾನೆ. ಒಂದೇ ತೆರೆದರೂ ಅದಕ್ಕೆ ಬಾಯ್ಲರಿನ, ಚದರ ಇಂಚಿಗೆ 250 ಪೌಂಡ್ ಒತ್ತಡ ಹೆಚ್ಚುಕಡಿಮೆ ಪೂರ್ತಿ ಸಿಗುತ್ತದೆ. ನಿಮ್ಮ ಲಿವರನ್ನು ಆರು ಮೆಟ್ಟಿಲು ಮಾಡಿ. ಕಟ್‌ಆಫ್ ಸೆಟ್ಟಿಂಗ್ ಕಿತ್ತುಹಾಕಿ, ಸಿಲಿಂಡರಿಗೆ ಹಬೆ ಎಷ್ಟು ಹೊತ್ತು ಹೋಗಬೇಕೆಂದು ನಿಯಂತ್ರಿಸುವ ವಾಲ್ವ್ ಗೇರೇ ಇಲ್ಲವಲ್ಲ. ಇನ್ನೊಂದು, ಟರ್ಬೈನ್ ನಿಂತಲ್ಲೇ ಅತಿ ಜಾಸ್ತಿ ತಿರುಚು ಬಲ ಕೊಡುತ್ತದೆ. ಗ್ರಾಫಿನಲ್ಲಿ ಎಳೆತದ ಗೆರೆ ಶೂನ್ಯ ವೇಗದಲ್ಲಿ ಎತ್ತರದಿಂದ ಶುರುವಾಗಲಿ. ಹಬೆ ಖರ್ಚೂ ಅಲ್ಲಿ ದುಬಾರಿಯಾಗಿರಲಿ, ನಿಧಾನದ ಓಟ ಇದಕ್ಕೆ ಒಗ್ಗದು.

ಗೇರುಬೀಜ:
ರಿವರ್ಸ್‌ಗೆ ಬೇರೆಯೇ ಟರ್ಬೈನ್ ಇದೆ ಗುರುಗಳೇ. ಎಡಗಡೆ ದೊಡ್ಡದು ಮುಂದಕ್ಕೆ, ಬಲಗಡೆ ಚಿಕ್ಕದು ಹಿಂದಕ್ಕೆ. ಚಿಕ್ಕದಕ್ಕೆ ಇನ್ನೊಂದು ಗೇರು ಬೇರೆ. ಇಂಜಿನ್ ಪೂರ್ತಿ ನಿಂತ ಮೇಲೆ ಕ್ಲಚ್ಚು ಹಾಕಬೇಕು. ಯಾರ್ಡಿನಲ್ಲಿ ಹಿಂದೆ ಸರಿಯುವಷ್ಟು ಶಕ್ತಿ ಕೊಟ್ಟರೆ ಸಾಕು.

ಸದ್ದಿಗೆ: ಚಕ್ರದ ಸುತ್ತಿಗೆ ಕಟ್ಟಿದ ಎಕ್ಸಾಸ್ಟ್ (ಹೊರಬೀಳುವ ಹಬೆ) ಸದ್ದಿನ ಟ್ರಿಗರ್ ಅಳಿಸಿ. ಒಂದೇ ಸಮನೆ ಬರುವ ಗುಯ್‌ ಅನ್ನುವ ಲೂಪ್ ಹಾಕಿ, ವೇಗ ಏರಿದಂತೆ ಸ್ವರ ಏರಲಿ. ಚಕ್ರ ಒಂದು ಸುತ್ತು ಬಂದರೆ ಟರ್ಬೈನ್ ಸುಮಾರು 34 ಸುತ್ತು ಬರುತ್ತದೆ. ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡ್ ಮಾತ್ರ ತೆಗೆಯಬೇಡಿ. ಗೇರು ತಿರುಗಿಸುವುದು ಮೂರು ದೊಡ್ಡ ಚಕ್ರಗಳ ಆಕ್ಸಲ್‌ಗಳಲ್ಲಿ ಮುಂದಿನದನ್ನು, ಉಳಿದೆರಡಕ್ಕೆ ರಾಡೇ ಗತಿ.

ಹಳಿಹುಚ್ಚ:
ಛುಕ್ ಛುಕ್ ಹೋಯಿತು! ಎರಡನೇ ನಾಜಲ್‌ಗೇ ರೈಲು ಎದ್ದಿತು. ಈಗ ಹೊಗೆ ನೆಟ್ಟಗೆ ಕಾರಂಜಿ ಥರ ಹಾರುತ್ತಿದೆ. ಸರಿಯಾ ಇದು?

ಬಾಯ್ಲರ್ ಭಟ್ರು:
ಇಲ್ಲ. ಇದು ಉಗುಳುವ ಹಬೆ ಮೆತ್ತಗೆ, ಹೊಡೆತವೇ ಇಲ್ಲ. ಹೊಗೆ ಬಾಯ್ಲರ್ ಮೇಲೆ ತೆವಳಿ ಡ್ರೈವರ್ ಕಣ್ಣಿಗೆ ಅಡ್ಡ ಬರುತ್ತಿತ್ತು. ಎಕ್ಸಾಸ್ಟ್ ವೇಗ ಇಳಿಸಿ ನೋಡಿ. ಹೊಗೆ ತಡೆಯುವ ಪಕ್ಕದ ತಗಡು ಹಾಕಿದ್ದು 1939ರಲ್ಲಿ. ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ಅದು ಆಗಲೇ ಇದೆ, 1936ಕ್ಕೆ ಮುಚ್ಚಿಡಿ.

ಗೇರುಬೀಜ:
ಕ್ಯಾಬ್ ಪಕ್ಕದ ನಂಬರೂ 46202 ಅಂತ ಕಾಣುತ್ತಿದೆ. ಅದು ರಾಷ್ಟ್ರೀಕರಣ ಆದಮೇಲಿನ ನಂಬರು. ಮುಂದಿನ 4 ಅಳಿಸಿ ಅಪ್‌ಲೋಡ್ ಮಾಡಿ.