ಬಂಡೆ ಮೇಲೆ ಟೆಂಟ್ ನಿಲ್ಲಿಸೋದು ಹೇಗೆ?

ಪ್ರಶ್ನೆ (ಬಳ್ಳಾರಿ): ಡಿಸೆಂಬರ್‌ನಲ್ಲಿ ಗಂಗಾವತಿ ಹತ್ತಿರ ಗೆಳೆಯನ ಹೊಲದಲ್ಲಿ 2 ರಾತ್ರಿ ಇರುವ ಯೋಚನೆ. ಹೊಲ ಅಂದರೆ ಅರ್ಧ ಬಂಡೆಯೇ. ಕಳೆದ ಸಲ 6 ಗೂಟ ಬಗ್ಗಿದವು, ಒಂದೂ ಇಳಿಯಲಿಲ್ಲ. ಗಾಳಿಗೆ ಟೆಂಟ್ ನಮ್ಮ ಮೇಲೇ ಬಿತ್ತು. ಬೇರೆ ಟೆಂಟ್ ತಗೊಳ್ಳಲಾ? ಜೊತೆಗೆ ಗಾಳಿ ತುಂಬುವ ಹಾಸಿಗೆಯೂ ಬೇಕು.

ಉತ್ತರ (ಆನೆಗೊಂದಿ): ಗೂಟ ಮರೆತುಬಿಡಿ. ಗ್ರಾನೈಟ್‌ಗೆ ಸುತ್ತಿಗೆ ಸೋಲುತ್ತದೆ. ಅಡ್ಡಡ್ಡ ಕಂಬಿಗಳ ಮೇಲೆ ತಾನೇ ನಿಲ್ಲುವ ಡೋಮ್ ಟೆಂಟ್ ನೋಡಿ. ಆದರೂ ಹಗ್ಗ ಕಟ್ಟಲೇಬೇಕು. ಹಗ್ಗದ ತುದಿಗೆ ಒಂದು ಕಡ್ಡಿ ಕಟ್ಟಿ, ಅದರ ಟೆಂಟ್ ಕಡೆಗೆ ಹಗ್ಗದ ಮೇಲೆ ದೊಡ್ಡ ಕಲ್ಲು ಹೇರಿ. ಎಳೆದರೆ ಕಡ್ಡಿ ಕಲ್ಲಿಗೆ ಸಿಕ್ಕಿ ನಿಲ್ಲುತ್ತದೆ. ಹಗ್ಗ ನೇರ ಕಲ್ಲಿಗೆ ಸುತ್ತಬೇಡಿ, ಅಂಚಿಗೆ ಉಜ್ಜಿ ಹರಿಯುತ್ತದೆ.

ಗಾಳಿ ಹಾಸಿಗೆ ಮಾತ್ರ ಬೇಡ ಮಾರಾಯ್ರೆ! ನನ್ನದು ಮೊದಲ ರಾತ್ರಿಯೇ ಜಾಲಿ ಮುಳ್ಳಿಗೆ ಬಲಿ. ಬೆಳಗಿನ ಜಾವ 3 ಗಂಟೆಗೆ ಬೆನ್ನಿಗೆ ಬರೀ ಬಂಡೆ, ಅದೂ ತಣ್ಣಗೆ. ಮಡಚುವ ಫೋಮ್ ಚಾಪೆ ಸಾಕು. ತೂತಾದರೂ ಕೆಲಸ ಮಾಡುತ್ತದೆ.

ಉತ್ತರ (ಸಂಡೂರು): ನೀರು ಜಾಸ್ತಿ ಒಯ್ಯಿರಿ. ನಾನು ದಿನಕ್ಕೆ ತಲೆಗೆ 4 ಲೀಟರ್ ಇಟ್ಟುಕೊಳ್ಳುತ್ತೇನೆ, ಅಂದರೆ 4 ಕೆಜಿ. ಆ ಕಡೆ ಕರಡಿ, ಚಿರತೆ ಎರಡೂ ಇವೆ, ಗೊತ್ತಲ್ವಾ? ಶೇಂಗಾ, ಬೆಲ್ಲ ಟೆಂಟ್ ಒಳಗೆ ಇಡಬೇಡಿ. ಕತ್ತಲಲ್ಲಿ ಒಬ್ಬರೇ ಸುಮ್ನೆ ಬಂಡೆ ಸಂದಿಗೆ ಹೋಗಬೇಡಿ. ಅರಣ್ಯದ ಜಾಗವಾದರೆ ಅನುಮತಿ ಬೇಕೇ ಬೇಕು.

ಪ್ರಶ್ನೆ ಕೇಳಿದವರು: ಕಡ್ಡಿ ಉಪಾಯ ಮಹಡಿ ಮೇಲೆ ಮಾಡಿ ನೋಡಿದೆ, ನಿಂತಿತು. ಚಾಪೆ ತಗೊಂಡೆ. ಬೆಲ್ಲ ಗೆಳೆಯನ ಕಾರಿನಲ್ಲಿ.